ಮೇಲಿನ ಬೋಲ್ಟು ಮೊದಲು

ಆ ತಿಂಗಳು ನನಗೆ ಎರಡು ಕೆಲಸ. ಒಂದು, ಗಾಡಿಗಳ ಕೆಳಗೆ ಅಂಗಾತ ಮಲಗುವುದು. ಇನ್ನೊಂದು, ಉಸ್ತಾದರ ದನಿಯಲ್ಲಿ ಮಾತಾಡುವುದು. ಮೊದಲನೆಯದರಿಂದ ಬೆನ್ನು ಹೋಯಿತು, ಎರಡನೆಯದರಿಂದ ಗಂಟಲು ಹೋಯಿತು. ನನ್ನ ಉಳಿದ ಭಾಗಗಳು ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದು ನಮ್ಮವ್ವ ಮೊದಲೇ ಹೇಳಿದ್ದಳು.

ಉಸ್ತಾದರೆಂದರೆ ಮೆಹದಿಪಟ್ಟಣಂ ಬಸ್ಸುಗಳ ಗದ್ದಲದ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಶೆಡ್ಡಿನ ಯಜಮಾನರು. ಬೀದರ್ ಕಡೆಯವರು, ಅರವತ್ತು ದಾಟಿದವರು. ಅವರ ದನಿ ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಮೊದಲು ಖರ್ ಎಂದು ಒಂದು ಕೆಮ್ಮು, ಆಮೇಲೆ ಒಂದು ಬೈಗುಳ, ಕೊನೆಗೆ ಕೆಲಸದ ಮಾತು. ನಲವತ್ತು ವರ್ಷ ಎಂಜಿನ್ನುಗಳ ಮೇಲೆ ಕೂಗಿ ಕೂಗಿ ಗಂಟಲೊಳಗೆ ಒಂದು ಸಣ್ಣ ಗಂಟು ಎದ್ದಿತ್ತು. ಕೋಠಿ ಪೇಟೆಯ ಡಾಕ್ಟರು ಟಾರ್ಚು ಹಾಕಿ ನೋಡಿ, ಒಂದು ತಿಂಗಳು ಮಾತು ಬಂದ್ ಅಂದರು. ಪಿಸುಗುಟ್ಟುವುದೂ ಬೇಡವಂತೆ, ಅದು ಇನ್ನೂ ಕೆಟ್ಟದ್ದಂತೆ.

ಎರಡನೆಯ ದಿನ ಬಿಡಿಭಾಗದ ಅಂಗಡಿಯಿಂದ ಫೋನ್ ಬಂತು. ಉಸ್ತಾದರು ಹಾವನ್ನು ನೋಡುವಂತೆ ಫೋನನ್ನು ನೋಡುತ್ತ ನಿಂತರು. ನಾನು ಎತ್ತಿಕೊಂಡು, ಸುಮ್ಮನೆ ತಮಾಷೆಗೆ, ಖರ್ ಎಂದು ಕೆಮ್ಮಿ ಒಂದು ಬೈಗುಳ ಹಾಕಿದೆ. ಆ ಕಡೆಯಿಂದ ಅಂಗಡಿಯವನು "ಜೀ ಉಸ್ತಾದ್, ಜೀ ಉಸ್ತಾದ್" ಎಂದು ಸಾಮಾನಿನ ಪಟ್ಟಿ ಓದತೊಡಗಿದ. ನಾನು ಉಸ್ತಾದರ ಮುಖ ನೋಡಿದೆ. ಅವರು ಕೈಯಲ್ಲಿದ್ದ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಕಬ್ಬಿಣದ ಮೇಜಿನ ಮೇಲೆ ಎರಡು ಸಲ ಬಡಿದರು. ಹೌದು, ಕಳಿಸಲಿ.

ಹಾಗೆ ನಮ್ಮ ಕಾನೂನು ಹುಟ್ಟಿತು. ಎರಡು ಬಡಿತವೆಂದರೆ ಹೌದು. ಒಂದು ಬಡಿತವೆಂದರೆ ಬೇಡ. ಮೂರು ಬಡಿತವೆಂದರೆ ಬಾಯಿ ಮುಚ್ಚು. ಅದು ನನಗೆಂದೇ ಮಾಡಿದ್ದು. ಉದ್ದನೆಯ ಮಾತೇನಾದರೂ ಇದ್ದರೆ ಬರೆಯಲು ಕೋಠಿಯಿಂದ ಮಕ್ಕಳ ಸ್ಲೇಟೊಂದು ಬಂತು. ಅವರು ಬಡಿಯಬೇಕು, ಇಲ್ಲವೇ ಬರೆಯಬೇಕು. ಆಮೇಲಷ್ಟೇ ನಾನು ಆ ದನಿ ತೆಗೆಯಬೇಕು.

ಅನುಕರಣೆ ನನಗೆ ಹೊಸದಲ್ಲ. ಬೆಳಿಗ್ಗೆ ನಾರಾಯಣಗೂಡದ ಕಾಲೇಜಿನಲ್ಲಿ ಅಕೌಂಟ್ಸ್ ಮೇಷ್ಟರನ್ನು ಅವರ ಬೆನ್ನ ಹಿಂದೆಯೇ ಮಾಡಿ ತೋರಿಸುತ್ತಿದ್ದೆ. ಬಸ್ಸಿನ ಕಂಡಕ್ಟರು, ಗಲ್ಲಿಯ ಚಹಾದವನು, ನಮ್ಮಪ್ಪನ ಸೀನು, ಹುಡುಗಿಯರ ಮುಂದೆ ನಿಂತಾಗಿನ ನನ್ನದೇ ತೊದಲು, ಎಲ್ಲವೂ ನನ್ನ ಬಳಿ ಇದ್ದವು. ಆದರೆ ನಗಿಸಲು ಮಾಡುವುದು ಬೇರೆ, ದಿನಗೂಲಿಗೆ ಮಾಡುವುದು ಬೇರೆ. ಮಧ್ಯಾಹ್ನದಿಂದ ಸಂಜೆಯವರೆಗೆ ಇನ್ನೊಬ್ಬರ ಕೆಮ್ಮು ಕೆಮ್ಮಿದರೆ ರಾತ್ರಿ ಅನ್ನ ನುಂಗುವಾಗ ಅದು ಯಾರ ಗಂಟಲು ಎಂಬ ಅನುಮಾನ ಬರುತ್ತದೆ. ಕಾಲೇಜಿಗೆ ರಜೆಯಿದ್ದ ದಿನ ಬೆಳಗಿನಿಂದಲೇ ಕೆಮ್ಮು.

ಶೆಡ್ಡಿನಲ್ಲಿ ನಮ್ಮ ಜೊತೆ ಇನ್ನೊಬ್ಬ ಫಿಟ್ಟರ್ ಇದ್ದ. ಪಾಲಮೂರು ಕಡೆಯ ತೆಲುಗಿನವನು, ನಲವತ್ತೈದು ವರ್ಷ. ಎಲ್ಲರೂ ಕರೆಯುವಂತೆ ನಾನೂ ಅವನನ್ನು ಅನ್ನ, ಅಂದರೆ ತೆಲುಗಿನ ಅಣ್ಣ, ಎನ್ನುತ್ತಿದ್ದೆ. ದಿನಕ್ಕೆ ಹತ್ತು ಮಾತು ಆಡಿದರೆ ಅದು ಅವನಿಗೆ ಹಬ್ಬ. ಏನಾದರೂ ಮನಸ್ಸಿಗೆ ಬಾರದಿದ್ದರೆ ಮಣಿಕಟ್ಟಿನಿಂದ ಮೂಗು ಉಜ್ಜಿಕೊಳ್ಳುತ್ತಿದ್ದ, ಅಷ್ಟೇ. ನಾನು ಅದನ್ನೂ ಮಾಡಿ ತೋರಿಸುತ್ತಿದ್ದೆ. ಅವನು ಅದನ್ನು ನೋಡಿ ಮತ್ತೆ ಮೂಗು ಉಜ್ಜಿಕೊಳ್ಳುತ್ತಿದ್ದ.

ಈಗ ಬೋಲ್ಟಿನ ವಿಷಯ. ಗಾಡಿಯ ಅಚ್ಚಿನ ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿದ ಒಂದು ಕಬ್ಬಿಣದ ಗಡಿಗೆ ಇರುತ್ತದೆ. ಅದೇ ಡಿಫರೆನ್ಷಿಯಲ್. ಎಂಜಿನ್ನಿನ ಶಕ್ತಿಯನ್ನು ಎಡಬಲದ ಚಕ್ರಗಳಿಗೆ ಹಂಚುವ ಹಲ್ಲಿನ ಗಾಲಿಗಳು ಅದರೊಳಗೆ ದಪ್ಪನೆಯ ಗೇರ್ ಆಯಿಲ್‌ನಲ್ಲಿ ಮುಳುಗಿರುತ್ತವೆ. ಸಾಮಾನ್ಯ ಗಾಡಿಗೆ ಹಿಂದೆ ಒಂದು ಗಡಿಗೆ, ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮುಂದೆಯೂ ಒಂದು. ಪ್ರತಿಯೊಂದಕ್ಕೂ ಎರಡು ಬೋಲ್ಟು. ಕೆಳಗಿನದನ್ನು ಬಿಚ್ಚಿದರೆ ಹಳೆಯ ಆಯಿಲ್ ಸುರಿಯುತ್ತದೆ, ಮೇಲಿನದನ್ನು ಬಿಚ್ಚಿ ಹೊಸದನ್ನು ತುಂಬುತ್ತೇವೆ. ಕೆಲಸ ಇಷ್ಟೇ. ನಮ್ಮ ಶೆಡ್ಡಿನಲ್ಲಿ ಇದಕ್ಕೊಂದು ಪದ್ಧತಿ ಇತ್ತು: ಮೇಲಿನ ಬೋಲ್ಟನ್ನು ಉಸ್ತಾದರೇ ತಮ್ಮ ಕೈಯಿಂದ ಸಡಿಲ ಮಾಡಿ, ಅದು ತಿರುಗುತ್ತದೆಂದು ಖಾತ್ರಿಯಾದ ಮೇಲೆ "ಖೋಲ್ ದೇ", ಅಂದರೆ ಬಿಚ್ಚು, ಅನ್ನುತ್ತಿದ್ದರು. ಆ ಮಾತು ಬೀಳುವವರೆಗೆ ಕೆಳಗಿನದನ್ನು ಯಾರೂ ಮುಟ್ಟುವಂತಿರಲಿಲ್ಲ.

ಕಾರಣ ಅವರೇ ಹೇಳಿದ್ದರು, ದನಿ ಇದ್ದ ಕಾಲದಲ್ಲಿ. ಕೆಲಸ ಕಲಿಯುವಾಗ ಅವರೊಮ್ಮೆ ಒಂದು ಲಾರಿಯ ಕೆಳಗಿನದನ್ನು ಮೊದಲು ಬಿಚ್ಚಿದ್ದರಂತೆ. ಆಯಿಲ್ ಎಲ್ಲ ಹೋಯಿತು, ಮೇಲಿನದು ಬಿಚ್ಚಲೇ ಇಲ್ಲ. ಖಾಲಿ ಗಡಿಗೆಯ ಲಾರಿ ಒಂದು ಫರ್ಲಾಂಗೂ ಓಡುವಂತಿಲ್ಲ. ನಾಲ್ಕು ದಿನ ಅದು ಶೆಡ್ಡಿನ ಮುಂದೆ ನಿಂತಿತು. ನಾಲ್ಕು ದಿನವೂ ಡ್ರೈವರು ಅದರ ಕೆಳಗೇ ಮಲಗಿದ್ದ, ಒಂದು ಮಾತೂ ಅನ್ನಲಿಲ್ಲ.

"ಬೈದಿದ್ರ ಚೊಲೋ ಇತ್ತು," ಎನ್ನುತ್ತಿದ್ದರು ಉಸ್ತಾದರು. "ಇವತ್ತಿಗೂ ಅಂವ ಬೈದಿಲ್ಲ ನೋಡು."

ಈ ಮಾತನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ ಅದರ ಅರ್ಥದ ಕಡೆಗೆ ಗಮನವೇ ಇರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಶುಕ್ರವಾರ, ಕಾಲೇಜಿಗೆ ರಜೆ, ಬೆಳಿಗ್ಗೆ ಒಬ್ಬ ಅಕ್ಕ ಪಿಕಪ್ ಓಡಿಸಿಕೊಂಡು ಬಂದಳು. ನಾಲ್ಕೂ ಚಕ್ರ ಎಳೆಯುವ ಗಾಡಿ, ಒಂಬತ್ತು ವರ್ಷದ ಹಳೆಯದು, ಕಿಟಕಿಯವರೆಗೆ ಕೆಸರು. ಅಕ್ಕ ಯಾದಗಿರಿ ಕಡೆಯವಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಗಾರೆ ಕೆಲಸಕ್ಕೆಂದು ಈ ಊರಿಗೆ ಬಂದವಳು, ಈಗ ತನ್ನ ಕಡೆಯ ಎಂಟು ಜನರನ್ನು ಕಟ್ಟಿಕೊಂಡು ಊರಾಚೆಯ ಬಂಡೆಗುಡ್ಡಗಳ ಮೇಲೆ ಕರೆಂಟಿನ ಟವರುಗಳಿಗೆ ಕಬ್ಬಿಣ ಸಾಗಿಸುತ್ತಿದ್ದಳು.

"ಹಿಂದ ಅಳಾಕತ್ತೈತ್ರೀ ಉಸ್ತಾದ್," ಎಂದಳು. "ನಲವತ್ತು ದಾಟಿಸಿದ್ರ ಸಾಕು, ಹಾಲು ಬಿಡಿಸಿದ ಕೂಸಿನಂಗ ಕುಂಯ್ ಅಂತೈತಿ."

ಉಸ್ತಾದರು ಹಿಂದಿನ ಅಚ್ಚಿನ ಬಳಿ ಕುಕ್ಕರಗಾಲಲ್ಲಿ ಕುಳಿತು ನೋಡಿದರು. ಸ್ಲೇಟಿನ ಮೇಲೆ "ನೀರು?" ಎಂದು ಬರೆದರು. ಅಕ್ಕ ಸ್ಲೇಟನ್ನು ನೋಡಿ ನನ್ನ ಕಡೆ ತಿರುಗಿದಳು.

"ನನಗ ಓದಾಕ ಬರಂಗಿಲ್ಲ ತಮ್ಮಾ. ಏನ್ ಬರದಾರ?"

"ನೀರಾಗ ಇಳಿಸಿದ್ರೇನು ಅಂತ ಕೇಳಾಕತ್ತಾರ್ರೀ."

"ಹೂಂ. ಮೊನ್ನಿ ಹಳ್ಳ ದಾಟುವಾಗ ಚಕ್ರ ಪೂರಾ ಮುಳುಗಿದ್ವು."

ಉಸ್ತಾದರು ತಲೆಯಾಡಿಸಿದರು. ಓಡಿ ಓಡಿ ಕಾದ ಗಡಿಗೆ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಅಚ್ಚಿನ ನೆತ್ತಿಯ ಮೇಲಿರುವ ಉಸಿರುತೂತಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಬೆರೆತ ಆಯಿಲ್‌ನಲ್ಲಿ ಭಾರ ಹೊತ್ತು ಗುಡ್ಡ ಏರಿದರೆ ಹಲ್ಲುಗಳು ತೇಯುತ್ತವೆ. ಎರಡೂ ಕಡೆಯದನ್ನು ಬದಲಾಯಿಸಬೇಕು.

"ಇವತ್ತ ಸಂಜೀಕ ಆಗ್ಬೇಕ್ರೀ," ಎಂದಳು ಅಕ್ಕ. "ನಾಳೆ ಏಳಕ್ಕ ಗುಡ್ಡದ ಬುಡಕ ಇರ್ಬೇಕು. ಹೊಸಾ ಇಂಜಿನಿಯರು ನಿಂತು ನೋಡ್ತಾನಂತ. ಕಬ್ಬಿಣ ಹೇರ್ಕೊಂಡು ತುದಿ ಮುಟ್ಟಿಸಿದ್ರ ಈ ಸೀಜನ್ ಪೂರಾ ಕೆಲಸ ನಮ್ಮ ಮಂದೀದು. ಇಲ್ಲಂದ್ರ ಟ್ರ್ಯಾಕ್ಟರಿನವ್ರು ತಯಾರಾಗಿ ಕುಂತಾರ."

ಉಸ್ತಾದರು ಗಡಿಯಾರ ನೋಡಿ ಎರಡು ಸಲ ಬಡಿದರು. ನಾನು ಖರ್ ಎಂದು ಕೆಮ್ಮಿದೆ. "ಸಂಜಿ ಆರಕ್ಕ ಬಾ. ಆಗ್ತೈತಿ."

ಅಕ್ಕ ನನ್ನನ್ನು ನೋಡಿದಳು, ಉಸ್ತಾದರನ್ನು ನೋಡಿದಳು. "ಇದೇನ್ರೀ, ಗೊಂಬಿ ಆಟ ಆಡಾಕತ್ತೀರಿ?"

"ಗೊಂಬಿ ಯಾರ್ರೀ?" ಎಂದೆ.

"ಅದನ್ನ ನೀವಿಬ್ರೂ ಕುಂತು ಬಗೀಹರಿಸ್ಕೋರಿ," ಎಂದು ಅಕ್ಕ ಬೀಗದಕೈ ಮೇಜಿನ ಮೇಲಿಟ್ಟು ಹೋದಳು.

ಮುಂದಿನ ಗಡಿಗೆ ಮಧ್ಯಾಹ್ನದೊಳಗೆ ಮುಗಿಯಿತು. ಉಸ್ತಾದರು ಮೇಲಿನದನ್ನು ಸಡಿಲಿಸಿದರು, ಎರಡು ಸಲ ಬಡಿದರು, ನಾನು "ಖೋಲ್ ದೇ" ಅಂದೆ, ಅನ್ನ ಕೆಳಗಿನದನ್ನು ಬಿಚ್ಚಿದ. ಹೇಳಲು ಎಷ್ಟು ಸುಲಭ ನೋಡಿ. ಗಾಡಿಯ ಕೆಳಗೆ ಮಲಗಿದವನಿಗೆ ಆಕಾಶವೆಂದರೆ ತುಕ್ಕು. ಅದು ಒಣಗಿದ ಕೆಸರಾಗಿ ಕಣ್ಣಿಗೆ ಉದುರುತ್ತದೆ, ಆಯಿಲ್ ಆಗಿ ಕಿವಿಗೆ ಇಳಿಯುತ್ತದೆ. ಗೇರ್ ಆಯಿಲ್‌ನ ವಾಸನೆ ಕೊಳೆತ ಬೆಳ್ಳುಳ್ಳಿಯ ಹಾಗೆ. ಮೂರು ಸಲ ಸೋಪು ಹಚ್ಚಿ ತೊಳೆದರೂ ಮರುದಿನ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚು ಖಾಲಿಯಾಗಿಯೇ ಇರುತ್ತಿತ್ತು. ಅದಕ್ಕೆ ನನ್ನ ಹಾಸ್ಯವೂ ಕಾರಣವಿರಬಹುದು.

ಒಂದೂವರೆಗೆ ಅನ್ನ ಊಟಕ್ಕೆ ಹೋದ. ಉಸ್ತಾದರು ಕೋಠಿಯ ಡಾಕ್ಟರಿಗೆ ಗಂಟಲು ತೋರಿಸಲು ಹೊರಟರು. ಕೆಲಸದ ಚಪ್ಪಲಿಯನ್ನು ಮೇಜಿನ ಬುಡದಲ್ಲಿ ಬಿಟ್ಟು ಬೂಟು ಹಾಕಿಕೊಂಡರು. ಹೋಗುವ ಮುನ್ನ ಸ್ಲೇಟಿನ ಮೇಲೆ ಬರೆದು ನನ್ನ ಮೂಗಿನ ಮುಂದೆ ಹಿಡಿದರು: "ಹಿಂದಿಂದು ನಾ ಬಂದ ಮ್ಯಾಲೆ." ನಾನು ತಲೆಯಾಡಿಸಿದೆ. ಅವರು ಅದನ್ನು ಒರೆಸಿ, ಸ್ಲೇಟು ಬಗಲಲ್ಲಿಟ್ಟುಕೊಂಡು ಬಸ್ಸಿಗೆ ಹೋದರು.

ಅರ್ಧ ಗಂಟೆಯಾದ ಮೇಲೆ ನಾನು ಡ್ರಮ್ಮಿನ ಮೇಲೆ ಕುಳಿತು, ಗೋಡೆಗೆ ತಲೆಯಾನಿಸಿ, ಉಸ್ತಾದರ ಫೋನಿನಲ್ಲಿ ಉಸ್ತಾದರಾಗಿ ಯಾರಿಗೋ ಕ್ಲಚ್ಚಿನ ಬಗ್ಗೆ ಬೈಯುತ್ತಿದ್ದೆ. ಕಣ್ಣು ಮುಚ್ಚಿ ಬರುತ್ತಿತ್ತು. ಅಷ್ಟರಲ್ಲಿ ಅನ್ನ ಹಿಂದಿನ ಬಾಗಿಲಿನಿಂದ ಬಂದು ಪಿಕಪ್ಪಿನ ಕೆಳಗೆ ಜಾರಿಕೊಂಡಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಉಸ್ತಾದರ ಚಪ್ಪಲಿ. ಕೇಳುತ್ತಿದ್ದುದು ಉಸ್ತಾದರ ದನಿ. ನಮ್ಮ ಕಾನೂನಿನ ಪ್ರಕಾರ ಆ ದನಿ ಇದ್ದಲ್ಲಿ ಅವರೂ ಇರಲೇಬೇಕು.

"ಉಸ್ತಾದ್, ನೀಚೇಕಾ ಖೋಲೂಂ ಕ್ಯಾ?" ಎಂದು ಕೇಳಿದ. ಕೆಳಗಿನದನ್ನು ಬಿಚ್ಚಲೇ?

ಇಲ್ಲಿ ನಾನು ಒಂದು ನೆಪ ಹೇಳಬಹುದು. ನಿದ್ದೆಗಣ್ಣಿನಲ್ಲಿದ್ದೆ ಎನ್ನಬಹುದು. ಆದರೆ ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತ್ತು, ಸ್ಲೇಟಿನ ಮೇಲೆ ಬರೆದದ್ದೂ ನೆನಪಿತ್ತು. ಆಯಿಲ್ ಇಳಿಯಲು ಹೇಗೂ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಅವರು ಬರುತ್ತಾರೆ, ಬೇಗ ಮುಗಿದರೆ ಬೇಗ ರೂಮಿಗೆ ಹೋಗಿ ಬೀಳಬಹುದು ಎಂದುಕೊಂಡೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇತ್ತು. ಇಪ್ಪತ್ತೊಂದು ವರ್ಷದಲ್ಲಿ ನನ್ನ ಸ್ವಂತ ಮಾತಿಗೆ ಯಾರೂ ಒಂದು ಬೋಲ್ಟನ್ನೂ ತಿರುಗಿಸಿರಲಿಲ್ಲ. ಈ ದನಿಗೆ ಊರೇ ತಿರುಗುತ್ತಿತ್ತು.

ನಾನು ಕೆಮ್ಮಿದೆ. "ಖೋಲ್ ದೇ ಮಿಯಾಂ, ಕಾಯ್ಕು ಪೂಛ್‌ರಾ?" ಬಿಚ್ಚು, ಯಾಕೆ ಕೇಳ್ತಿ?

ಅನ್ನ ಬಿಚ್ಚಿದ. ಹಾಲು ಜಾಸ್ತಿಯಾದ ಚಹಾದ ಬಣ್ಣದ ಆಯಿಲ್ ತಟ್ಟೆಗೆ ಇಳಿಯಿತು. ನೀರು ಹೊಕ್ಕದ್ದು ಖಾತ್ರಿಯಾಯಿತು. ಎಲ್ಲ ಬಸಿದ ಮೇಲೆ ಅವನು ಕೆಳಗಿನ ಬೋಲ್ಟನ್ನು ತೊಳೆದು, ಒರೆಸಿ, ಬಿಗಿ ಮಾಡಿದ. ಆಮೇಲೆ ತುಂಬಲೆಂದು ಮೇಲಿನದಕ್ಕೆ ಕೈ ಹಾಕಿದ. ಪಾನಾ ಜಾರುವ ಸದ್ದು ಮತ್ತೆ ಮತ್ತೆ ಬಂತು.

ನಾನು ಹೋಗಿ ಪಕ್ಕದಲ್ಲಿ ಮಲಗಿ ನೋಡಿದೆ. ಮೇಲಿನ ಬೋಲ್ಟಿಗೆ ಪಾನಾ ಹಿಡಿಯಲು ಮೂಲೆಗಳೇ ಇರಲಿಲ್ಲ. ಹಿಂದೆ ಯಾವನೋ ಅದಕ್ಕೆ ಗಟ್ಟಿ ಅಂಟು ಬಳಿದು, ಅಳತೆ ತಪ್ಪಿದ ಪಾನಾದಿಂದ ಬಿಗಿದು, ಉಳಿಯಿಂದ ಹೊಡೆದು, ತೊಳೆದ ಹುಣಸೆಬೀಜದಂತೆ ನುಣ್ಣಗೆ ಮಾಡಿದ್ದ.

"ಉಸ್ತಾದ್ ಬೋಲೇ ನಾ?" ಎಂದ ಅನ್ನ, ತನಗೆ ತಾನೇ ಎಂಬಂತೆ. ಉಸ್ತಾದರು ಹೇಳಿದರಲ್ಲ. ಹೊರಗೆ ತೆವಳಿ ಬಂದು ಎದ್ದು ನಿಂತ. ಚಪ್ಪಲಿಯೊಳಗೆ ಕಾಲುಗಳಿರಲಿಲ್ಲ. "ಎಕ್ಕಡ?" ಎಲ್ಲಿ?

"ಕೋಠಿ," ಎಂದೆ.

ಅವನು ನನ್ನನ್ನು ನೋಡಿದ. ಮಣಿಕಟ್ಟಿನಿಂದ ಮೂಗು ಉಜ್ಜಿಕೊಂಡ. ನಾನು ಅದನ್ನು ಮಾಡಿ ತೋರಿಸಲಿಲ್ಲ.

ಆಮೇಲಿನ ಎರಡು ಗಂಟೆ ನಾವು ಆ ಬೋಲ್ಟಿನ ಕಾಲು ಹಿಡಿದೆವು. ಸ್ವಲ್ಪ ಸಣ್ಣ ಪಾನಾವನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದೆವು, ಜಾರಿತು. ಪೈಪು ಸಿಕ್ಕಿಸಿ ಇಬ್ಬರೂ ತೂಗಿದೆವು, ಮತ್ತೆ ಜಾರಿ ನನ್ನ ಬೆರಳ ಗಂಟಿನ ಚರ್ಮ ಹೋಯಿತು. ಅದರ ತಲೆಗೆ ಒಂದು ನಟ್ಟು ವೆಲ್ಡ್ ಮಾಡಿಸಿದರೆ ಹಿಡಿದು ತಿರುಗಿಸಬಹುದಿತ್ತು. ಆದರೆ ನಮಗೆ ರಜೆ ಭಾನುವಾರ, ವೆಲ್ಡಿಂಗ್‌ನವರ ಸಾಲಿಗೆ ಶುಕ್ರವಾರ. ಗಲ್ಲಿಯ ಉದ್ದಕ್ಕೂ ಶಟರ್ ಎಳೆದಿದ್ದವು. ಒಬ್ಬನಿಗೆ ಫೋನ್ ಮಾಡಿದರೆ ಮದುವೆಯ ಊಟದಲ್ಲಿದ್ದ, ಬಾಯಿ ತುಂಬ ಇಟ್ಟುಕೊಂಡು ನಾಳೆ ಹತ್ತಕ್ಕೆ ಅಂದ. ನಾಳೆ ಏಳಕ್ಕೆ ಅಕ್ಕ ಗುಡ್ಡದ ಬುಡದಲ್ಲಿರಬೇಕಿತ್ತು.

ನಾಲ್ಕೂವರೆಗೆ ಉಸ್ತಾದರೂ ಅಕ್ಕನೂ ಒಟ್ಟಿಗೆ ಬಂದರು. ಗಲ್ಲಿಯ ಬಾಯಲ್ಲಿ ಸಿಕ್ಕಿದ್ದರಂತೆ. ಅಕ್ಕ ತಡೆಯಲಾಗದೆ ಬೇಗ ಬಂದಿದ್ದಳು. ಉಸ್ತಾದರು ತಟ್ಟೆಯಲ್ಲಿದ್ದ ಆಯಿಲ್ ನೋಡಿದರು, ಮೇಲಿನ ಬೋಲ್ಟನ್ನು ಬೆರಳಿನಿಂದ ಸವರಿದರು, ಅನ್ನನ ಕಡೆ ನೋಡಿದರು.

"ಮೀರು ಅನ್ನಾರು ಕದಾ," ಎಂದ ಅನ್ನ. ನೀವೇ ಅಂದಿರಲ್ಲ. ಅಷ್ಟು ಹೇಳಿ ನೆಲ ನೋಡುತ್ತ ನಿಂತ.

ಉಸ್ತಾದರು ಬಡಿಯಲಿಲ್ಲ. ಸ್ಲೇಟಿನ ಮೇಲೆ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು.

"ಏನ್ ಬರದಾರ ತಮ್ಮಾ?" ಎಂದು ಕೇಳಿದಳು ಅಕ್ಕ. ಓದಿ ಹೇಳುವವನು ಅಲ್ಲಿ ನಾನೊಬ್ಬನೇ.

"‘ನಾ ಯಾವಾಗ ಅಂದೆ’ ಅಂತ ಬರದಾರ್ರೀ."

"ಯಾರಿಗಿ?"

"ನನಗ."

ಹೇಳಿದೆ. ಕುಳಿತಲ್ಲಿಂದ ಕೆಮ್ಮಿದ್ದು, ಬಿಚ್ಚು ಅಂದದ್ದು, ಈಗ ಗಡಿಗೆ ಖಾಲಿ ಇರುವುದು, ತುಂಬುವ ಬೋಲ್ಟು ಬಿಚ್ಚದೆ ಇರುವುದು. ಇಷ್ಟನ್ನು ಹೇಳುವಾಗ ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ಅಕ್ಕ ಹಳೆಯ ಟೈರಿನ ಮೇಲೆ ಕುಳಿತಳು. ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡಳು. ಬೈಯಲಿಲ್ಲ. ಉಸ್ತಾದರ ಲಾರಿ ಡ್ರೈವರು ನೆನಪಾದ.

"ಅಲ್ಲಿ ಎಂಟು ಮಂದಿ ಬುತ್ತಿ ಕಟ್ಕೊಂಡು ಕುಂತಾರ," ಎಂದಳು. "ಅವ್ರಿಗೂ ನೀನ ಹೇಳು. ಯಾರ ದನಿಲೆ ಹೇಳ್ತಿ ನೋಡು."

ಉಸ್ತಾದರು ಸ್ಲೇಟು ಒರೆಸಿ ಒಂದು ಚಿತ್ರ ಬರೆಯುತ್ತಿದ್ದರು. ಒಂದು ಅಡ್ಡಗೆರೆ, ನಡುವೆ ಗಡಿಗೆ, ಗೆರೆಯ ನೆತ್ತಿಯ ಮೇಲೆ ಒಂದು ಸಣ್ಣ ಚುಕ್ಕೆ. ಚುಕ್ಕೆಯ ಮೇಲೆ ಸೀಮೆಸುಣ್ಣವನ್ನು ಕುಟ್ಟಿ ಕುಟ್ಟಿ ತೋರಿಸಿದರು. ಉಸಿರುತೂತು. ಹಳ್ಳದ ನೀರು ಒಳಗೆ ಹೋದ ದಾರಿ. ನೀರು ಹೋಗುವುದಾದರೆ ಆಯಿಲ್ ಯಾಕೆ ಹೋಗಬಾರದು?

ಹೋಗುತ್ತದೆ, ಆದರೆ ತೂತು ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದೊಡ್ಡದು. ಗೇರ್ ಆಯಿಲ್ ಜೇನಿನಷ್ಟು ದಪ್ಪ. ಬಸಿದದ್ದನ್ನು ಅಳೆದು ಅಷ್ಟೇ ಹಾಕೋಣವೇ ಎಂದು ಅನ್ನ ಸನ್ನೆ ಮಾಡಿದ. ಉಸ್ತಾದರು ಒಂದು ಸಲ ಬಡಿದರು. ಅದರಲ್ಲಿ ನೀರೆಷ್ಟೋ, ಆಯಿಲ್ ಎಷ್ಟೋ. ಸ್ಲೇಟಿನ ಮೇಲೆ "ಎರಡೂವರೆ" ಎಂದು ಬರೆದರು. ಈ ಜಾತಿಯ ಗಾಡಿಯ ಹೊಟ್ಟೆ ಅವರಿಗೆ ಬಾಯಿಪಾಠ. ಅದಕ್ಕೂ ಮೊದಲು ಅರ್ಧ ಲೀಟರು ಹಾಕಿ, ಚಕ್ರ ತಿರುಗಿಸಿ, ಒಳಗಿನ ನೀರನ್ನು ತೊಳೆದು ಚೆಲ್ಲಬೇಕು.

ನನ್ನನ್ನು ಔಷಧಿ ಅಂಗಡಿಗೆ ಓಡಿಸಿದರು. ಮೂಗಿನ ನಳಿಗೆಯಿಂದ ರೋಗಿಗೆ ಗಂಜಿ ಹಾಕುವ ದೊಡ್ಡ ಸಿರಿಂಜು, ಐವತ್ತು ಎಂ.ಎಲ್‌ನದು, ಜೊತೆಗೆ ಒಂದು ಮೊಳ ನಳಿಗೆ ಕೇಳಿದೆ. ಅಂಗಡಿಯ ಮುದುಕ ಕನ್ನಡಕದ ಮೇಲಿಂದ ನೋಡಿ, ರೋಗಿಗೆ ಏನಾಗಿದೆ ಎಂದು ಕೇಳಿದ.

"ಹೊಟ್ಟೆಯಲ್ಲಿ ನೀರು ತುಂಬಿದೆ," ಎಂದೆ.

"ವಯಸ್ಸು?"

"ಒಂಬತ್ತು."

ಪಾಪ ಎಂದು ಅವನು ಒಂದು ಜೊತೆ ಕೈಗವಸು ಪುಕ್ಕಟೆ ಕೊಟ್ಟ. ನಿಜ ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಚಹಾದವನಿಂದ ಒಂದು ಬಕೆಟ್ಟು ಬಿಸಿನೀರು ತಂದು ಆಯಿಲ್ ಡಬ್ಬಿಗಳನ್ನು ಅದರಲ್ಲಿ ಮುಳುಗಿಸಿದೆವು. ಬೆಚ್ಚಗಾದರೆ ಸ್ವಲ್ಪ ತೆಳುವಾಗುತ್ತದೆ. ಜಾಕು ಕೊಟ್ಟು ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟೆವು. ಉಸಿರುತೂತಿನ ಮುಚ್ಚಳ ಬಿಚ್ಚಿ ನಳಿಗೆ ಸಿಕ್ಕಿಸಿ, ನಾನು ಅಚ್ಚಿಗೂ ಗಾಡಿಯ ತಳಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಕೈಗಳನ್ನು ಮೇಲೆತ್ತಿ ಮಲಗಿದೆ. ಅನ್ನ ಸಿರಿಂಜು ತುಂಬಿ ಕೊಡುವುದು, ನಾನು ಒತ್ತುವುದು. ಎರಡು ಹೆಬ್ಬೆರಳುಗಳಿಂದ, ಒಂದು ಸಿರಿಂಜಿಗೆ ಎರಡೆರಡು ನಿಮಿಷ.

ತೊಳೆಯಲು ಹತ್ತು ಸಿರಿಂಜು. ಆಮೇಲೆ ಅಕ್ಕ ಒಂದು ಚಕ್ರ, ಅನ್ನ ಇನ್ನೊಂದು ಚಕ್ರ ಹಿಡಿದು ಒಂದೇ ದಿಕ್ಕಿಗೆ ತಿರುಗಿಸಿದರು. ಕೆಳಗಿನದನ್ನು ಬಿಚ್ಚಿದಾಗ ಆ ಹತ್ತೂ ಸಿರಿಂಜಿನ ದುಡಿಮೆ ಬೆಳ್ಳಗಾಗಿ ತಟ್ಟೆಗೆ ಬಿತ್ತು. ಮತ್ತೆ ಬಿಗಿ ಮಾಡಿ ಒಂದರಿಂದ ಶುರು. ಐವತ್ತು ಆಗಬೇಕು.

"ಜೋರಾಗಿ ಎಣಸು," ಎಂದಳು ಅಕ್ಕ, ಚಕ್ರದ ಪಕ್ಕ ಕುಳಿತು. "ನಾ ಬೆರಳು ಮಡಚ್ತೀನಿ. ನಡುವ ನಿದ್ದಿ ಹೊಡದು ಹಾರಿಸ್ಗಿರಿಸೀಯ."

ಉಸ್ತಾದರ ದನಿಯಲ್ಲಿ ಎಣಿಸುವ ಧೈರ್ಯ ಇರಲಿಲ್ಲ. ಕಂಡಕ್ಟರನ ದನಿಯಲ್ಲಿ ಎಂಟರವರೆಗೆ ಹೋದೆ. ಚಹಾದವನು ಹದಿನೈದರವರೆಗೆ ನಡೆದ. ಅಕೌಂಟ್ಸ್ ಮೇಷ್ಟರಲ್ಲಿ ಇಪ್ಪತ್ತಮೂರು. ಅಕ್ಕನದೇ ದನಿ ತೆಗೆದು "ಇಪ್ಪತ್ನಾಕ್ರೀ ಉಸ್ತಾದ್" ಎಂದಾಗ ಹೊರಗಿನಿಂದ ನನ್ನ ಪಾದಕ್ಕೆ ಒಂದು ಏಟು ಬಿತ್ತು. ಮೂವತ್ತು ದಾಟಿದ ಮೇಲೆ ದನಿಗಳು ಒಂದೊಂದಾಗಿ ಮುಗಿದವು. ಹೆಬ್ಬೆರಳು ಮರಗಟ್ಟಿತ್ತು, ಭುಜದಿಂದ ಕೆಳಗೆ ಕೈ ಯಾರದೋ ಎನಿಸುತ್ತಿತ್ತು. ನಾಲಿಗೆಗೆ ಬಂದ ಹಾಗೆ ಎಣಿಸುತ್ತ ಹೋದೆ.

"ಮೂವತ್ತೇಳು."

"ಇದ್ಯಾರ ದನಿ?" ಎಂದಳು ಅಕ್ಕ.

"ನಂದ್ರೀ."

"ಅಷ್ಟೇನ್ ಚೊಲೋ ಇಲ್ಲ ಬಿಡು."

ಅನ್ನ ನಕ್ಕದ್ದು ಕೇಳಿಸಿತು. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಕಲು ಮಾಡಲು ಒಳ್ಳೆಯ ನಗೆ, ಆದರೆ ನೆನಪಿಟ್ಟುಕೊಳ್ಳಲೂ ಆಗದಷ್ಟು ದಣಿದಿದ್ದೆ.

ಐವತ್ತು ಮುಗಿದಾಗ ಎಂಟು ಗಂಟೆ. ಗಾಡಿ ಇಳಿಸಿ ಅಕ್ಕ ಮುಖ್ಯರಸ್ತೆಯವರೆಗೆ ಹೋಗಿ ಬಂದಳು. "ನಲವತ್ತು ದಾಟಿಸೂದು ಎಲ್ಲಿ ಬಂತ್ರೀ ಈ ಗದ್ದಲದಾಗ? ನಡಕೊಂಡು ಹೋಗೂ ಮಂದಿ ನನ್ನ ದಾಟಿ ಹೋದ್ರು." ಆಮೇಲೆ ನನ್ನನ್ನು ಬಿಟ್ಟು ಉಸ್ತಾದರ ಮುಖ ನೋಡಿದಳು. "ಏರ್ತೈತೇನ್ರೀ?"

ಅವರು ಬಡಿಯಲಿಲ್ಲ. ಗೊತ್ತಿಲ್ಲದ್ದಕ್ಕೆ ಅವರು ಬಡಿಯುವವರಲ್ಲ. "ಗುಡ್ಡದಾಗಿಂದ ಫೋನ್ ಹಚ್ಚು. ಸದ್ದು ಕೇಳ್ತೀನಿ" ಎಂದು ಬರೆದರು. ಓದಿ ಹೇಳಿದೆ. ಅಕ್ಕ ತಲೆಯಾಡಿಸಿ ಹೊರಟಳು. ಶೆಡ್ಡು ಮುಚ್ಚುವಾಗ ಉಸ್ತಾದರು ನನಗೆ ಏನೂ ಬರೆಯಲಿಲ್ಲ. ಬೈದಿದ್ದರೆ ಚೊಲೋ ಇತ್ತು.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ನಾವು ಮೂವರೂ ಶೆಡ್ಡಿನಲ್ಲಿದ್ದೆವು. ಬರಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ನನ್ನ ಹೆಬ್ಬೆರಳುಗಳು ಊದಿ ಅಂಗಿಯ ಗುಂಡಿ ಹಾಕಲು ಬಾರದೆ ಹಾಗೇ ಬಂದಿದ್ದೆ. ಏಳು ದಾಟಿ ಹತ್ತು ನಿಮಿಷಕ್ಕೆ ಫೋನ್ ಬಂತು. ಜೋರಾಗಿ ಕೇಳುವಂತೆ ಮಾಡಿ ಹಿಡಿದೆ. ಎಂಜಿನ್ನಿನ ಮೊರೆತ, ಚಕ್ರದ ಕೆಳಗೆ ಜಾರುವ ಕಲ್ಲು, ಜನರ ಕೂಗು. ಯಾರೋ ಅಕ್ಕನ ಫೋನನ್ನು ಹಿಂದಿನ ಅಚ್ಚಿನ ಬಳಿ ಹಿಡಿದು ಜೊತೆಗೇ ನಡೆಯುತ್ತಿದ್ದರು. ಉಸ್ತಾದರು ಬಗ್ಗಿ, ಕಣ್ಣು ಮುಚ್ಚಿ, ಕಿವಿಯನ್ನು ಫೋನಿಗೆ ಒತ್ತಿದರು.

ಸದ್ದು ನಿಂತಿತು. ಅಕ್ಕನ ದನಿ ಬಂತು. "ನಡುವ ನಿಂತೀನ್ರೀ. ಮುಂದ ಭಾಳ ಕಡಿದೈತಿ. ಇಂಜಿನಿಯರು ಮ್ಯಾಲೆ ನಿಂತು ನೋಡಾಕತ್ತಾನ. ಹಿಂದಿಂದು ಕೇಳಿದ್ರೇನ್ರೀ? ಏರಿಸ್ಲ್ಯಾ, ಇಳಿಸ್ಲ್ಯಾ?"

ಉಸ್ತಾದರು ಕಣ್ಣು ತೆರೆದರು. ಪಾನಾ ತೆಗೆದುಕೊಂಡು ಮೇಜಿನ ಮೇಲೆ ಎರಡು ಸಲ ಬಡಿದರು.

ನಾನು ಖರ್ ಎಂದು ಕೆಮ್ಮಿದೆ. "ಏರಿಸು. ಸರಿ ಐತಿ."



"ಇದು ಯಾರು ಅಂದದ್ದು?"

"ಉಸ್ತಾದರ್ರೀ ಅಕ್ಕ."

"ಪಾನಾ ಬಡದದ್ದು ನನಗ ಕೇಳಿಸ್ಲಿಲ್ಲ. ಬಡದು ಕೇಳಸ್ರಿ."

ಫೋನನ್ನು ಕಬ್ಬಿಣದ ಮೇಜಿನ ಹತ್ತಿರ ಹಿಡಿದೆ. ಉಸ್ತಾದರು ನನ್ನ ಮುಖ ನೋಡುತ್ತ ಒಂದು ಸಲ ಬಡಿದರು. ಒಂದೆಂದರೆ ಬೇಡ, ನಾನು ಫೋನನ್ನು ಹಿಂದಕ್ಕೆ ಎಳೆಯಹೋದೆ. ಅಷ್ಟರಲ್ಲಿ ಎರಡನೆಯದು ಬಿತ್ತು. ನಡುವೆ ಅಷ್ಟು ಅಂತರ ಬಿಟ್ಟದ್ದು ಬೇಕೆಂದೇ ಎಂದು ನಾನು ಈಗಲೂ ನಂಬಿದ್ದೇನೆ.

"ಹಾಂ," ಎಂದಳು ಅಕ್ಕ.

ಎಂಜಿನ್ ಮತ್ತೆ ಮೊರೆಯಿತು. ಕಲ್ಲುಗಳು ಉರುಳಿದವು. ಮೊರೆತ ಏರುತ್ತ ಏರುತ್ತ ಹೋಗಿ, ಒಮ್ಮೆ ಉಬ್ಬಸ ಬಂದಂತೆ ತಡೆದು, ಮತ್ತೆ ಏರಿ, ಕೊನೆಗೆ ತಟ್ಟನೆ ಹಗುರಾಯಿತು. ಎಂಟು ಜನ ಒಟ್ಟಿಗೆ ಏನೋ ಕೂಗಿದರು. ಅವರ ನಡುವೆ ಒಬ್ಬ ಗಂಡಸಿನ ಅಪರಿಚಿತ ದನಿ ತೆಲುಗಿನಲ್ಲಿ, ಬೇಸರದಿಂದಲೆಂಬಂತೆ, "ಸರೇ, ದಿಂಪಂಡಿ" ಎಂದಿತು. ಸರಿ, ಇಳಿಸಿ.

ಕಬ್ಬಿಣ ನೆಲಕ್ಕೆ ಬೀಳುವ ಸದ್ದು ಕೇಳತೊಡಗಿತು. ಫೋನನ್ನು ಕೈಯಲ್ಲಿ ಹಿಡಿದವರು ಅದನ್ನು ಮರೆತೇಬಿಟ್ಟಿದ್ದರು. ನಾವು ಮೂವರೂ ಒಂದೊಂದು ತುಂಡು ಇಳಿಯುವುದನ್ನೂ ಕೇಳುತ್ತ ನಿಂತೆವು. ಆಮೇಲೆ ಅನ್ನ ಚಹಾ ತರಲು ಹೋದ. ನಾನು ಸಿರಿಂಜನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಕುಳಿತೆ. ಮೇಲಿನ ಬೋಲ್ಟಿಗೆ ನಟ್ಟು ವೆಲ್ಡ್ ಮಾಡಿಸಲು ಸೋಮವಾರ ಅಕ್ಕ ಮತ್ತೆ ಬರುವವಳಿದ್ದಳು.